ತಡವಾಗಿ ಅಡಿಯಿಡುವ ಮಗು

ಮಗುವಿಗೆ ವರ್ಷ ತುಂಬಿತೆಂದರೆ ಕಂಡವರ ಮೊದಲ ಪ್ರಶ್ನೆಯೇ "ನಡೆಯುತ್ತದೆಯೆ?" ಎಂಬುದು. ಮದುವೆಯ ಚಪ್ಪರದಲ್ಲಾಗಲಿ, ಕಳಸದ ಜಾತ್ರೆಯಲ್ಲಾಗಲಿ, ಚಿಕ್ಕಮಗಳೂರಿನ ಸಂತೆಯಲ್ಲಾಗಲಿ ಈ ಪ್ರಶ್ನೆ ತಾಯಿಯ ಬೆನ್ನು ಬಿಡುವುದಿಲ್ಲ. ಹೌದೆಂದರೆ ಮಾತು ಬೇರೆ ಕಡೆಗೆ ಹೊರಳುತ್ತದೆ. ಇಲ್ಲವೆಂದರೆ ಎರಡು ಬಗೆಯ ಉಪದೇಶಗಳು ಒಮ್ಮೆಗೇ ಬಂದು ಬೀಳುತ್ತವೆ. "ಅವನ ಅಪ್ಪನೂ ನಡೆದದ್ದು ಎರಡು ತುಂಬಿದ ಮೇಲೆಯೇ. ತಾನಾಗಿ ನಡೆಯುತ್ತಾನೆ, ಸುಮ್ಮನಿರಮ್ಮ" ಎನ್ನುವವರು ಒಂದು ಪಕ್ಷ. "ಕಂಕುಳಿಗೆ ಕೈಕೊಟ್ಟು ದಿನವೂ ನಡೆಸಬೇಕು, ವಾಕರ್ ತಂದು ಕೂರಿಸಬೇಕು, ಎಣ್ಣೆ ಹಚ್ಚಿ ಕಾಲು ನೀವಬೇಕು" ಎನ್ನುವವರು ಇನ್ನೊಂದು ಪಕ್ಷ. ತಾಯಿಯ ಪಾಲಿಗೆ ಉಳಿಯುವುದು ರಾತ್ರಿಯ ಚಿಂತೆ ಮಾತ್ರ.

ಮೊದಲನೆಯ ಮಾತಿನಲ್ಲಿ ಆಲಸ್ಯವಿದೆ, ಎರಡನೆಯದರಲ್ಲಿ ಆತುರವಿದೆ. ಎರಡೂ ಪ್ರೀತಿಯ ಮಾತುಗಳೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮಗುವಿನ ಕೈಕಾಲಿನ ಬಲವು ಮುಖ್ಯವಾಗಿ ಮಗು ತಾನೇ ನೆಲದ ಮೇಲೆ ಪಡುವ ಪ್ರಯತ್ನದಿಂದ ಹುಟ್ಟುವಂಥದು. ಹಿರಿಯರು ಮಾಡಬೇಕಾದ ಕೆಲಸ ಎರಡು. ತಡಕ್ಕೆ ಕಾರಣವೇನಾದರೂ ಉಂಟೆ ಎಂಬುದನ್ನು ಕಾಲ ಮೀರುವ ಮುಂಚೆ ವೈದ್ಯರಿಂದ ತಿಳಿಯುವುದು ಒಂದು. ಪ್ರಯತ್ನ ಪಡಲು ಮಗುವಿಗೆ ನೆಲವನ್ನೂ ನೆಪವನ್ನೂ ಒದಗಿಸಿಕೊಡುವುದು ಇನ್ನೊಂದು.

ಎಷ್ಟು ತಿಂಗಳಿಗೆ ಎಷ್ಟು?

ಮಗುವಿನ ಚಲನೆಗೆ ಒಂದು ಕ್ರಮವುಂಟು. ಕತ್ತು ನಿಲ್ಲುವುದು, ಮಗುಚಿ ಬೋರಲಾಗುವುದು, ಆಸರೆಯಿಲ್ಲದೆ ಕೂರುವುದು, ಅಂಬೆಗಾಲಿಡುವುದು, ಹಿಡಿದು ನಿಲ್ಲುವುದು, ಹಿಡಿದು ನಡೆಯುವುದು, ಕೈಬಿಟ್ಟು ನಿಲ್ಲುವುದು, ಕೊನೆಗೆ ತಾನಾಗಿ ಹೆಜ್ಜೆಯಿಡುವುದು. ಹಿಂದಿನವರು ಈ ಕ್ರಮವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಮಗು ಹೊಸಿಲು ದಾಟಿದ ದಿನ ಸಿಹಿ ಮಾಡಿ ಹಂಚುವ ಪದ್ಧತಿ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ. ಮಗುವಿನ ಒಂದೊಂದು ಮೆಟ್ಟಿಲನ್ನೂ ಮನೆಮಂದಿಯೆಲ್ಲ ಕಣ್ಣಿಟ್ಟು ನೋಡುತ್ತಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಈಗ ಇದಕ್ಕೆ ತಿಂಗಳುಗಳ ಲೆಕ್ಕವೂ ದೊರೆತಿದೆ. ವಿಶ್ವ ಆರೋಗ್ಯ ಸಂಸ್ಥೆಯು ಭಾರತ, ಘಾನಾ, ನಾರ್ವೆ, ಓಮನ್, ಅಮೆರಿಕ ಎಂಬ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಅದರ ಫಲವನ್ನು 2006ರಲ್ಲಿ ಪ್ರಕಟಿಸಿತು. ಆ ಲೆಕ್ಕದಂತೆ ಮಕ್ಕಳು ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ, ಹಿಡಿದು ನಿಲ್ಲುವುದು 4.8ರಿಂದ 11.4 ತಿಂಗಳೊಳಗೆ, ಅಂಬೆಗಾಲಿಡುವುದು 5.2ರಿಂದ 13.5 ತಿಂಗಳೊಳಗೆ, ಕೈಬಿಟ್ಟು ನಿಲ್ಲುವುದು 6.9ರಿಂದ 16.9 ತಿಂಗಳೊಳಗೆ; ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳೊಳಗೆ.

ಈ ಅಂಕಿಗಳನ್ನು ಎರಡು ದಿಕ್ಕಿನಿಂದಲೂ ಓದಬೇಕು. ಆರೋಗ್ಯವಂತ ಮಕ್ಕಳಲ್ಲಿಯೇ ಮೊದಲು ನಡೆದ ಮಗುವಿಗೂ ಕಡೆಗೆ ನಡೆದ ಮಗುವಿಗೂ ಒಂಬತ್ತು ತಿಂಗಳಿಗೂ ಮಿಕ್ಕ ಅಂತರವಿದೆ. ಆದ್ದರಿಂದ ಪಕ್ಕದ ಮನೆಯ ಕೂಸು ಹತ್ತನೆಯ ತಿಂಗಳಿಗೇ ಓಡಿತೆಂದು ಹದಿನಾಲ್ಕು ತಿಂಗಳ ಮಗುವಿನ ತಾಯಿ ಎದೆಗುಂದಬೇಕಾಗಿಲ್ಲ. ಆದರೆ ಅದೇ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ. ನೂರಕ್ಕೆ ತೊಂಬತ್ತೊಂಬತ್ತು ಮಕ್ಕಳು 17.6 ತಿಂಗಳೊಳಗೆ ನಡೆದಿದ್ದರು. ಎರಡು ವರ್ಷದವರೆಗೆ ಸುಮ್ಮನೆ ಕಾಯಬಹುದೆಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಅಂಬೆಗಾಲಿಡದೆಯೇ ನಡೆದ ಮಕ್ಕಳೂ ಆ ಲೆಕ್ಕದಲ್ಲಿ ನೂರಕ್ಕೆ ನಾಲ್ವರಿದ್ದರು. ಕೆಲವು ಮಕ್ಕಳು ಕುಳಿತಲ್ಲಿಂದಲೇ ಕುಂಡೆಯೂರಿ ಸರಿಯುತ್ತ ಮನೆಯೆಲ್ಲ ಸುತ್ತುತ್ತವೆ. ಇಂಥವು ನಡೆಯುವುದು ಸಾಮಾನ್ಯವಾಗಿ ತಡ, ಮತ್ತು ಈ ರೂಢಿ ವಂಶದಲ್ಲಿ ಬರುವುದೂ ಉಂಟು. ದಿನ ತುಂಬುವ ಮುಂಚೆ ಹುಟ್ಟಿದ ಮಗುವಿಗೆ ಲೆಕ್ಕವನ್ನು ಹುಟ್ಟಬೇಕಾಗಿದ್ದ ದಿನದಿಂದ ಹಿಡಿಯಬೇಕು. ಎರಡು ತಿಂಗಳು ಮೊದಲು ಹುಟ್ಟಿ ಈಗ ಹದಿನೆಂಟು ತಿಂಗಳಾಗಿರುವ ಮಗುವನ್ನು, ಚಲನೆಯ ಮಟ್ಟಿಗೆ, ಹದಿನಾರು ತಿಂಗಳಿನದೆಂದೇ ಎಣಿಸತಕ್ಕದ್ದು.

ಮೊದಲು ಕಾರಣ, ಆಮೇಲೆ ಕಸರತ್ತು

ಹಾಗಾದರೆ ವೈದ್ಯರಲ್ಲಿಗೆ ಹೋಗುವುದು ಎಂದು? ಒಂಬತ್ತು ತಿಂಗಳು ಕಳೆದರೂ ಕೂರದಿದ್ದರೆ, ವರ್ಷ ತುಂಬಿದರೂ ಹಿಡಿದು ನಿಲ್ಲದಿದ್ದರೆ, ಹದಿನೆಂಟು ತಿಂಗಳಿಗೂ ಸ್ವಂತ ಹೆಜ್ಜೆಯಿಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಕೆಲವು ಲಕ್ಷಣಗಳಿಗೆ ವಯಸ್ಸಿನ ಲೆಕ್ಕವನ್ನೂ ಕಾಯಬೇಕಾಗಿಲ್ಲ. ಎತ್ತಿಕೊಂಡಾಗ ಮಗು ಒದ್ದೆಬಟ್ಟೆಯಂತೆ ಕೈಯಿಂದ ಜಾರುವಷ್ಟು ಮೆತ್ತಗಿದ್ದರೆ, ಅಥವಾ ಬಟ್ಟೆ ಹಾಕುವಾಗ ಕಾಲು ಬಿಡಿಸಲಾಗದಷ್ಟು ಬಿಗಿಯಾಗಿದ್ದರೆ, ಯಾವಾಗಲೂ ತುದಿಗಾಲಲ್ಲೇ ನಿಲ್ಲುತ್ತಿದ್ದರೆ, ವರ್ಷ ತುಂಬುವ ಮುಂಚೆಯೇ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರೆ ಕೂಡಲೇ ತೋರಿಸಬೇಕು. ಹಿಂದೆ ಮಾಡುತ್ತಿದ್ದುದನ್ನು ಮಗು ಈಗ ಮಾಡಲಾರದೆ ಹೋದರಂತೂ ಒಂದು ದಿನವೂ ತಡಮಾಡಕೂಡದು.

ತಡಕ್ಕೆ ಕಾರಣ ಹಲವು. ಬಹುಮಂದಿ ಮಕ್ಕಳಲ್ಲಿ ಯಾವ ರೋಗವೂ ಇರುವುದಿಲ್ಲ. ಸ್ನಾಯು ತುಸು ಸಡಿಲ, ಸ್ವಭಾವ ತುಸು ಅಂಜಿಕೆ, ಇಷ್ಟೇ. ಕೆಲವರಲ್ಲಿ ರಕ್ತಹೀನತೆಯೋ ಡಿ ಜೀವಸತ್ವದ ಕೊರತೆಯಿಂದ ಬರುವ ಮೂಳೆಯ ಮೆದುತನವೋ ಇರಬಹುದು. ಕೆಲವರಲ್ಲಿ ಮಿದುಳಿಗಾದ ಆಘಾತ, ಡೌನ್ ಸಿಂಡ್ರೋಮ್, ಸ್ನಾಯುವಿನದೇ ರೋಗ ಇರಬಹುದು. ಹದಿನೆಂಟು ತಿಂಗಳಾದರೂ ನಡೆಯದ ಗಂಡುಮಗುವಿಗೆ ವೈದ್ಯರು ಸಿ.ಕೆ. ಎಂಬ ರಕ್ತಪರೀಕ್ಷೆಯನ್ನು ಬರೆಯುವುದುಂಟು. ಡುಷೆನ್ ಎಂಬ ಸ್ನಾಯುಕ್ಷಯ ಹೆಚ್ಚಾಗಿ ಗಂಡುಮಕ್ಕಳಿಗೇ ತಗಲುವ ರೋಗವಾದ್ದರಿಂದ, ಆ ಸಂದೇಹವನ್ನು ಬೇಗನೆ ಪರಿಹರಿಸಿಕೊಳ್ಳುವುದೇ ಇದರ ಉದ್ದೇಶ. ಪರೀಕ್ಷೆ ಬರೆದೊಡನೆಯೇ ರೋಗ ಬಂದೇಬಿಟ್ಟಿತೆಂದು ಕಂಗೆಡಬೇಕಾಗಿಲ್ಲ.

ಕಾಫಿ ಸೀಮೆಯ ತಾಯ್ತಂದೆಗಳು ವಿಶೇಷವಾಗಿ ನೆನಪಿಡಬೇಕಾದ ಕಾರಣವೊಂದಿದೆ. ಅದು ಥೈರಾಯ್ಡ್ ಗ್ರಂಥಿಯ ಕೊರತೆ. ಸುರಿಯುವ ಮಳೆ ಮಲೆನಾಡಿನ ಮಣ್ಣಿನ ಅಯೋಡಿನ್ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಆ ಮಣ್ಣಿನಲ್ಲಿ ಬೆಳೆದ ಬೆಳೆಯಲ್ಲೂ ಅದು ಕಡಿಮೆಯೇ. ಚಿಕ್ಕಮಗಳೂರು ಜಿಲ್ಲೆ ಗಳಗಂಡದ ನೆಲೆಯೆಂದು ಹೆಸರಾದದ್ದು ಇದರಿಂದಲೇ. ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ 1962ರಲ್ಲಿ ಆರಂಭವಾಯಿತು. ಮನೆಮನೆಗೂ ಅಯೋಡಿನ್ ಬೆರೆತ ಉಪ್ಪು ಬಂದದ್ದು ಆ ಪ್ರಯತ್ನದ ಫಲ. ಆದರೂ ಹರಳುಪ್ಪನ್ನೇ ಬಳಸುವ ಮನೆಗಳು, ಉಪ್ಪನ್ನು ಒಲೆಯ ಬಳಿ ತೆರೆದ ಪಾತ್ರೆಯಲ್ಲಿಡುವ ಮನೆಗಳು ಇಲ್ಲದಿಲ್ಲ. ತೇವದ ಗಾಳಿಗೆ ತೆರೆದಿಟ್ಟ ಉಪ್ಪಿನಲ್ಲಿ ಅಯೋಡಿನ್ ನಿಲ್ಲುವುದಿಲ್ಲ.

ಅಯೋಡಿನ್ ಸರಿಯಾಗಿ ದೊರೆಯುವ ಮನೆಯಲ್ಲಿಯೂ ಹುಟ್ಟುವಾಗಲೇ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಮಕ್ಕಳುಂಟು. ಮಂಕಾಗಿರುವುದು, ಮಲಬದ್ಧತೆ, ಗೊಗ್ಗರು ದನಿಯ ಅಳು, ದಪ್ಪ ನಾಲಗೆ, ಹುಟ್ಟಿದಾಗ ಬಂದ ಕಾಮಾಲೆ ಬಹುದಿನ ಬಿಡದಿರುವುದು ಇವು ಅದರ ಲಕ್ಷಣಗಳು. ಇಂಥ ಮಗುವಿಗೆ ಎಷ್ಟು ಎಣ್ಣೆ ತಿಕ್ಕಿದರೂ ಎಷ್ಟು ಕಸರತ್ತು ಮಾಡಿಸಿದರೂ ಪ್ರಯೋಜನವಿಲ್ಲ. ಬೇಕಾದದ್ದು ದಿನಕ್ಕೊಂದು ಗುಳಿಗೆ. ಸಕಾಲದಲ್ಲಿ ಸಿಕ್ಕರೆ ಮಗು ಎಲ್ಲರಂತೆ ಬೆಳೆಯುತ್ತದೆ. ತಡವಾದಷ್ಟೂ ಬುದ್ಧಿಯ ಬೆಳವಣಿಗೆಯಲ್ಲಿ ಮರಳಿ ಪಡೆಯಲಾಗದ ನಷ್ಟವಾಗುತ್ತದೆ. "ಅವನ ಅಪ್ಪನೂ ತಡವಾಗಿಯೇ ನಡೆದ" ಎಂಬ ಸಮಾಧಾನದ ಮಾತಿಗೆ ಒಮ್ಮೊಮ್ಮೆ ತೆರಬೇಕಾದ ಬೆಲೆ ಇಷ್ಟು ದೊಡ್ಡದು.

ತೋರಿಸುವುದೆಲ್ಲಿ ಎಂಬುದೂ ಘಟ್ಟದ ಊರುಗಳಲ್ಲಿ ಸಣ್ಣ ಪ್ರಶ್ನೆಯಲ್ಲ. ಕಳಸದವರು ಚಿಕ್ಕಮಗಳೂರಿಗೆ ಹೋಗಿ ಬರುವುದೆಂದರೆ ತಿರುವು ದಾರಿಯಲ್ಲಿ ಇಡೀ ದಿನದ ಪ್ರಯಾಣ. ಆದಕಾರಣ ಮೊದಲ ಬಾಗಿಲು ಹತ್ತಿರದ ಅಂಗನವಾಡಿಯೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯತಂಡವು ವರ್ಷಕ್ಕೆ ಎರಡು ಸಲ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸಬೇಕೆಂಬುದು ನಿಯಮ. ಹುಟ್ಟುದೋಷ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ತಡ ಈ ನಾಲ್ಕನ್ನೂ ಆ ತಂಡ ನೋಡುತ್ತದೆ. ಸಂದೇಹವಿದ್ದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳುಹಿಸಬೇಕೆಂಬ ಏರ್ಪಾಡೂ ಇದೆ. ಪಟ್ಟಣದ ಮನೆಗಳವರು ಅಂಗನವಾಡಿ ತಮ್ಮದಲ್ಲವೆಂದು ಭಾವಿಸುವುದುಂಟು. ಆದರೆ ಅದರ ಬಾಗಿಲು ಎಲ್ಲ ಮಕ್ಕಳಿಗೂ ತೆರೆದದ್ದು. ವೈದ್ಯರಲ್ಲಿಗೆ ಹೋಗುವಾಗ, ಮನೆಯಲ್ಲಿ ಮಗು ಕೂರುವ, ತೆವಳುವ, ಏಳಲೆತ್ನಿಸುವ ಬಗೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗುವುದು ಜಾಣತನ. ಆಸ್ಪತ್ರೆಯಲ್ಲಿ ಬೆದರಿ ಅಳುವ ಮಗು ತನ್ನ ವಿದ್ಯೆಯನ್ನು ತೋರಿಸುವುದಿಲ್ಲ.

ಬಲ ಬರುವ ಬಗೆ

ಕಾರಣ ತಿಳಿದ ಮೇಲೆ, ಅಥವಾ ಕಾರಣವಿಲ್ಲವೆಂದು ತಿಳಿದ ಮೇಲೆ, ಬಲದ ಮಾತು. ಮಗು ನಡೆಯುವುದು ಮಿದುಳು ಪಕ್ವವಾದ ಹಾಗೆಲ್ಲ ತಾನಾಗಿ ಬರುವ ಸಂಗತಿಯೆಂದು ಪಂಡಿತರು ಬಹುಕಾಲ ನಂಬಿದ್ದರು. ನವಜಾತ ಶಿಶುವನ್ನು ನೆಟ್ಟಗೆ ಹಿಡಿದರೆ ಅದು ಹೆಜ್ಜೆಯಿಡುವಂತೆ ಕಾಲಾಡಿಸುತ್ತದೆ. ಎರಡು ತಿಂಗಳ ಸುಮಾರಿಗೆ ಆ ಆಟ ಮಾಯವಾಗುತ್ತದೆ. ಮಿದುಳು ಅದನ್ನು ಅಡಗಿಸುತ್ತದೆಂದು ಎಣಿಸಲಾಗಿತ್ತು. ಅಮೆರಿಕದ ಎಸ್ತರ್ ಥೆಲೆನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬೇರೆ ಕಾರಣವನ್ನು ತೋರಿಸಿತು. ಶಿಶುಗಳ ಕಾಲನ್ನು ನೀರಿನಲ್ಲಿ ಇಳಿಬಿಟ್ಟಾಗ ಕಡಿಮೆಯಾಗಿದ್ದ ಹೆಜ್ಜೆ ಮತ್ತೆ ಹೆಚ್ಚಿತು. ಆ ಎರಡು ತಿಂಗಳಲ್ಲಿ ತೊಡೆ ತುಂಬಿಕೊಂಡು ಕಾಲು ಭಾರವಾಗಿತ್ತು, ಅದನ್ನೆತ್ತುವಷ್ಟು ಬಲ ಇನ್ನೂ ಬಂದಿರಲಿಲ್ಲ. ನೀರು ಭಾರವನ್ನು ಹೊತ್ತೊಡನೆ ಕಾಲು ಎದ್ದಿತು. ನಡಿಗೆಗೆ ಮಿದುಳು ಎಷ್ಟು ಬೇಕೋ ಮೈಯ ಭಾರಕ್ಕೆ ತಕ್ಕ ಸ್ನಾಯುಬಲವೂ ಅಷ್ಟೇ ಬೇಕೆಂಬುದು ಇದರಿಂದ ಸ್ಪಷ್ಟವಾಯಿತು.

ಆ ಬಲ ಬರುವುದಕ್ಕೆ ಎಷ್ಟು ದುಡಿಮೆ ಬೇಕು? ನ್ಯೂಯಾರ್ಕಿನ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳ ಆಟವನ್ನು ಎಣಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಯಾರನ್ನಾದರೂ ಬೆರಗುಗೊಳಿಸುವಂಥದು. ತಮ್ಮ ಪಾಡಿಗೆ ಆಡಲು ಬಿಟ್ಟಾಗ ಆ ಮಕ್ಕಳು ಗಂಟೆಗೆ ಸರಾಸರಿ 2,368 ಹೆಜ್ಜೆಯಿಟ್ಟರು, 17 ಸಲ ಬಿದ್ದರು. ಸಾವಿರಗಟ್ಟಲೆ ಹೆಜ್ಜೆಯ, ಹತ್ತಾರು ಬೀಳುವಿಕೆಯ ಫಲವೇ ನಡಿಗೆ. ಚಲನೆಯಲ್ಲಿ ಹಿಂದುಳಿದ ಮಗುವಿಗೂ ನಿಯಮ ಇದೇ. ಅದರ ಹೆಜ್ಜೆ ಚಿಕ್ಕದು, ದಣಿವು ಬೇಗ, ಆದ್ದರಿಂದ ಅವಕಾಶ ಇನ್ನೂ ಹೆಚ್ಚು ಬೇಕು.

ಡೌನ್ ಸಿಂಡ್ರೋಮ್ ಇರುವ ಮಕ್ಕಳು ಸಾಮಾನ್ಯವಾಗಿ ಎರಡು ವರ್ಷದ ಸುಮಾರಿಗೆ ನಡೆಯುತ್ತವೆ. ಅಂಥ ಕೂಸುಗಳನ್ನು ಅವರವರ ಮನೆಯಲ್ಲೇ ತಾಯ್ತಂದೆಗಳು ಚಲಿಸುವ ಪಟ್ಟಿಯ ಪುಟ್ಟ ಯಂತ್ರವೊಂದರ ಮೇಲೆ ಹಿಡಿದು, ದಿನಕ್ಕೆ ಎಂಟು ನಿಮಿಷದಂತೆ ವಾರಕ್ಕೆ ಐದು ದಿನ ಕಾಲಾಡಿಸಲು ಬಿಟ್ಟರು. ಡೇಲ್ ಉಲ್ರಿಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಫಲದಂತೆ, ಈ ಅಭ್ಯಾಸ ಪಡೆದವರು ಉಳಿದವರಿಗಿಂತ ಸುಮಾರು ನೂರು ದಿನ ಮುಂಚೆ ಸ್ವತಂತ್ರವಾಗಿ ನಡೆದರು. ಹಿಡಿದವರು ಹಿರಿಯರು, ಹೆಜ್ಜೆಯೆತ್ತಿದ್ದು ಮಗುವೇ. ಆ ಯಂತ್ರವನ್ನು ಮನೆಗೆ ತರಬೇಕಾಗಿಲ್ಲ. ದಿನಕ್ಕೆ ಎಂಟು ನಿಮಿಷದ ತಪ್ಪದ ನೇಮದಿಂದ ಎಷ್ಟು ಸಾಧ್ಯ ಎಂಬುದನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಹನಿಗೂಡಿದರೆ ಹಳ್ಳ.

ಮಳೆಗಾಲದ ಮನೆ

ಈ ದೃಷ್ಟಿಯಿಂದ ನೋಡಿದರೆ ಮೂಡಿಗೆರೆ, ಕಳಸಗಳ ಕಡೆಯ ಮನೆಗಳಲ್ಲಿ ಒಂದು ತೊಡಕುಂಟು. ಜೂನ್ ಮೊದಲ್ಗೊಂಡು ಸೆಪ್ಟೆಂಬರ್‌ವರೆಗೆ ಮಳೆ. ಅಂಗಳದಲ್ಲಿ ಪಾಚಿ, ಹುಲ್ಲಿನಲ್ಲಿ ಇಂಬಳ, ಮನೆಯೊಳಗೆ ಥಂಡಿ ಹಿಡಿದ ನೆಲ. "ನೆಲ ತಣ್ಣಗಿದೆ, ಎತ್ತಿಕೊಳ್ಳೇ" ಎಂದು ಅಜ್ಜಿ ಹೇಳದಿರುವುದಾದರೂ ಹೇಗೆ? ಅಜ್ಜಿಯ ತೊಡೆಯಿಂದ ಅತ್ತೆಯ ಸೊಂಟಕ್ಕೆ, ಅತ್ತೆಯ ಸೊಂಟದಿಂದ ಅಪ್ಪನ ಹೆಗಲಿಗೆ ಮಗುವಿನ ದಿನ ಕಳೆಯುತ್ತದೆ. ಕೂಡುಕುಟುಂಬದ ಪ್ರೀತಿ ದೊಡ್ಡದು. ಆದರೆ ಹತ್ತು ಕೈಗಳಲ್ಲಿ ಬೆಳೆದ ಮಗುವಿಗೆ ನೆಲ ಸಿಗುವುದು ನಿದ್ದೆಯ ಹೊತ್ತಿನಲ್ಲಿ ಮಾತ್ರ ಎಂಬಂತಾಗಬಾರದು.

ನೆರಳು ಮಿತಿಮೀರಿದರೆ ಕಾಫಿಯ ಗಿಡ ಸೊರಗುವುದನ್ನು ತೋಟದವರು ಬಲ್ಲರು. ಕಾಲಕಾಲಕ್ಕೆ ಮರಗಸಿ ಮಾಡಿ ಬೆಳಕು ಬಿಡುತ್ತಾರೆ. ನೆರಳನ್ನು ಪೂರ್ತಿ ಕಡಿಯುವುದೂ ಇಲ್ಲ. ಮಗುವಿನ ವಿಷಯದಲ್ಲಿಯೂ ಈ ಹದವೇ ಸರಿ. ಮಗು ಎಚ್ಚರವಾಗಿ ಹೊಟ್ಟೆ ತುಂಬಿ ಹಸನ್ಮುಖವಾಗಿರುವ ಹೊತ್ತಿನಲ್ಲಿ ಚಾವಡಿಯಲ್ಲೋ ಒಳಗಿನ ಅಂಗಳದಲ್ಲೋ ದಪ್ಪ ಕಂಬಳಿಯನ್ನೋ ಜಮಖಾನವನ್ನೋ ಸುಕ್ಕಿಲ್ಲದಂತೆ ಹಾಸಿ ಅದನ್ನು ಇಳಿಸಬೇಕು. ಮೈಗೆ ಬೆಚ್ಚನೆಯ ಅಂಗಿಯಿರಲಿ, ಪಾದ ಬರಿದಾಗಿರಲಿ. ಕೆಂಪು ಗಾರೆಯ ನುಣುಪು ನೆಲದಲ್ಲಿ ಕಾಲುಚೀಲ ಜಾರುತ್ತದೆ. ಬರಿಗಾಲಿನ ಬೆರಳುಗಳಿಗೆ ಮಾತ್ರ ನೆಲ ಹಿಡಿಯುವುದು ತಿಳಿದಿದೆ. ಒಲೆ, ನೀರಿನ ಹಂಡೆ, ಮೆಟ್ಟಿಲು, ಬಾವಿಕಟ್ಟೆ ಇವುಗಳ ಕಡೆಯ ಬಾಗಿಲನ್ನು ಹಾಕಿ, ಒಬ್ಬರು ಅಲ್ಲಿಯೇ ಕುಳಿತಿರಬೇಕು.

ಆಟವೇ ಅಭ್ಯಾಸ

ಮಗು ಈಗ ಏನು ಮಾಡಬಲ್ಲದೋ ಅದಕ್ಕಿಂತ ಒಂದೇ ಮೆಟ್ಟಿಲು ಮೇಲಿನದನ್ನು ಆಟವಾಗಿಸುವುದೇ ಇಲ್ಲಿನ ಗುಟ್ಟು. ಕೂರಲಾರದ ಮಗುವನ್ನು ನಿಲ್ಲಿಸುವುದರಿಂದ ಫಲವಿಲ್ಲ.

ಕತ್ತು ಬೆನ್ನುಗಳಲ್ಲಿ ಬಲ ಸಾಲದ ಮಗುವನ್ನು ಎಚ್ಚರವಿರುವಾಗ ಬೋರಲು ಮಲಗಿಸಿ, ಎದೆಯ ಕೆಳಗೆ ಸುತ್ತಿದ ಟವಲ್ ಇಟ್ಟು, ಮುಖದ ಎದುರಿಗೆ ತಾಯಿಯೂ ಮಲಗಿ ಮಾತಾಡಿಸಬೇಕು. ತಾಯಿಯ ಮುಖಕ್ಕಿಂತ ಮೇಲಾದ ಗೊಂಬೆ ಮಗುವಿಗಿಲ್ಲ; ಅದನ್ನು ನೋಡಲೆಂದೇ ಅದು ತಲೆಯೆತ್ತುತ್ತದೆ, ಮುಂಗೈಯೂರುತ್ತದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತವಾಗಿಯೇ ಮಲಗಿಸತಕ್ಕದ್ದು.

ಕುಳಿತ ಮಗುವಿನ ಆಟಿಕೆಯನ್ನು ಕೈಗೆ ಕೊಡುವ ಬದಲು ಬಲಕ್ಕೊಂದು ಎಡಕ್ಕೊಂದು, ತುಸು ಹಿಂದೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಇಡಬೇಕು. ಸೊಂಟ ತಿರುಗಿಸಿ, ಒಂದು ಕೈಯೂರಿ, ಇನ್ನೊಂದು ಕೈ ಚಾಚುವ ಆ ಒಂದು ಚಲನೆಯಲ್ಲಿ ನಾಳೆಯ ಅಂಬೆಗಾಲು ಅಡಗಿದೆ. ಅಂಬೆಗಾಲಿಗೆ ಬಂದ ಮಗುವಿಗೆ ದಾರಿಯಲ್ಲಿ ದಿಂಬನ್ನೂ ಮಡಿಸಿದ ಹಾಸಿಗೆಯನ್ನೂ ಇಟ್ಟು ಗುಡ್ಡ ಹತ್ತಿಸಬಹುದು. ಹೊಸಿಲು ದಾಟುವುದಂತೂ ಹಳೆಯ ಮನೆಗಳಲ್ಲಿ ಸಿದ್ಧವಾಗಿಯೇ ಇರುವ ವ್ಯಾಯಾಮ.

ನಿಲ್ಲುವ ಬಲಕ್ಕೆ ಕುಳಿತೇಳುವ ಆಟದಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಗುವಿನ ಮೊಣಕಾಲಿನ ಎತ್ತರದ ಗಟ್ಟಿ ಪೀಠವೊಂದರ ಮೇಲೆ ಅದನ್ನು ಕೂರಿಸಿ ಪಾದಗಳೆರಡೂ ಪೂರ್ತಿ ನೆಲಕ್ಕೂರುವಂತೆ ನೋಡಿಕೊಳ್ಳಬೇಕು. ಎದುರಿನ ಬೆಂಚಿನ ಮೇಲೆ ಕಿತ್ತಳೆಹಣ್ಣೊಂದನ್ನು ಇಟ್ಟರೆ ಮಗು ಮುಂದಕ್ಕೆ ಬಾಗಿ ಏಳುತ್ತದೆ, ಹಣ್ಣು ತೆಗೆದುಕೊಂಡು ಮತ್ತೆ ಕೂರುತ್ತದೆ. ಮೊದಲ ದಿನ ಮೂರು ಸಲವಾದರೆ ಸಾಕು; ವಾರ ಕಳೆದಂತೆ ಐದು, ಎಂಟು, ಹತ್ತು. ತೊಡೆಗೂ ಸೊಂಟಕ್ಕೂ ಬಲ ಕೂಡುವುದು ಹೀಗೆ. ಸಹಾಯ ಬೇಕಾದರೆ ಸೊಂಟದ ಎರಡು ಬದಿಗಳಲ್ಲಿ ಕೈಯಿಟ್ಟರೆ ಸಾಕು. ಭಾರ ಮಗುವಿನ ಕಾಲಿನ ಮೇಲೆಯೇ ಇರಬೇಕು.

ಹಿಡಿದು ನಿಂತ ಮಗುವಿಗೆ ಗೋಡೆಗೆ ಸೇರಿಸಿದ ಮಂಚವೋ ಬೆಂಚೋ ರಾಜಮಾರ್ಗ. ಒಂದು ತುದಿಯಲ್ಲಿ ಮಗು, ಇನ್ನೊಂದು ತುದಿಯಲ್ಲಿ ಅದರ ಮೆಚ್ಚಿನ ವಸ್ತು. ಅಡ್ಡಹೆಜ್ಜೆಯಿಟ್ಟು ಸರಿಯುವಾಗ ಸೊಂಟದ ಪಕ್ಕದ ಸ್ನಾಯುಗಳು ಬಲಗೊಳ್ಳುತ್ತವೆ. ಒಂಟಿಕಾಲಿನ ಮೇಲೆ ಮೈ ನಿಲ್ಲಿಸುವುದು ಇವುಗಳದೇ ಕೆಲಸ. ಮಂಚಕ್ಕೂ ಬೆಂಚಿಗೂ ನಡುವೆ ದಿನಕ್ಕೆ ಬೆರಳಗಲದಂತೆ ಅಂತರ ಹೆಚ್ಚಿಸುತ್ತ ಹೋದರೆ ಒಂದು ದಿನ ಮಗು ಕೈಬಿಟ್ಟು ದಾಟುತ್ತದೆ. ಮೂರು ಗಾಲಿಯ ಮರದ ತಳ್ಳುಗಾಡಿ ಇದ್ದರೆ ಒಳ್ಳೆಯದು, ಆದರೆ ಅದು ಹಗುರವಾಗಿದ್ದರೆ ಮುಂದಕ್ಕೋಡಿ ಮಗುವನ್ನು ಕೆಡವುತ್ತದೆ. ಎರಡು ಸೇರು ಅಕ್ಕಿಯ ಗಂಟನ್ನು ಅದಕ್ಕೆ ಕಟ್ಟಿ ಭಾರ ಮಾಡಬೇಕು.

ಮಳೆ ಹಿಂದೆಗೆದ ಮೇಲೆ, ಕಾಫಿ ಹರವುವ ಮುಂಚೆಯೂ ಬಾಚಿದ ಮೇಲೆಯೂ, ತೋಟದ ಮನೆಯ ಕಣದಷ್ಟು ಒಳ್ಳೆಯ ಆಟದ ಬಯಲು ಪಟ್ಟಣದ ಮಕ್ಕಳಿಗೆ ಕನಸಿನಲ್ಲೂ ಸಿಗದು. ರಜೆಗೆ ಅಜ್ಜನ ಮನೆಗೆ ಬಂದ ಮಗುವನ್ನು ಎಳೆಬಿಸಿಲಿನಲ್ಲಿ ಅಲ್ಲಿ ಬಿಟ್ಟು, ನೆಲದ ಮೇಲಿನ ಕಿತ್ತಳೆಗಳನ್ನು ಬಗ್ಗಿ ಹೆಕ್ಕಿ ಬುಟ್ಟಿಗೆ ಹಾಕುವ ಕೆಲಸ ಕೊಡಬಹುದು. ಕುಕ್ಕುರುಗಾಲಿನಲ್ಲಿ ಕೂತೇಳುವ ಈ ಕೆಲಸ ಹಿರಿಯರ ಬೈಠಕ್ಕಿಗೆ ಸಮ. ಕಾಫಿ ಬೀಜ, ಅಡಕೆ, ನಾಣ್ಯ ಮೊದಲಾದ ಸಣ್ಣ ವಸ್ತುಗಳನ್ನು ಮಾತ್ರ ಕೈಗೆಟುಕದಂತೆ ಇಡಬೇಕು. ಅವು ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಸಂಚಕಾರ.

ಒಂದೊಂದು ಸಲಕ್ಕೆ ಐದು ನಿಮಿಷ, ಹೆಚ್ಚೆಂದರೆ ಹತ್ತು. ದಿನಕ್ಕೆ ನಾಲ್ಕಾರು ಸಲ. ಇದಕ್ಕೆಂದು ಬೇರೆ ವೇಳೆಯನ್ನು ಹುಡುಕದೆ ಸ್ನಾನದ ಮುಂಚೆ, ಅಂಗಿ ತೊಡಿಸುವಾಗ, ತಿಂಡಿಯ ಮೊದಲು ಎಂದು ದಿನದ ಕೆಲಸಗಳಿಗೇ ಹೊಂದಿಸಿದರೆ ನೇಮ ತಪ್ಪುವುದಿಲ್ಲ. ಅಳು ಬರುವ ಮುಂಚೆಯೇ ನಿಲ್ಲಿಸಬೇಕು. ನಗುತ್ತ ಮುಗಿದ ಆಟಕ್ಕೆ ಮಗು ನಾಳೆ ತಾನೇ ಬರುತ್ತದೆ. ರೋಗವೆಂದು ಗೊತ್ತಾದ ಮಗುವಿಗೆ ಫಿಸಿಯೋಥೆರಪಿ ಬಲ್ಲವರು ತೋರಿಸಿಕೊಟ್ಟ ಕ್ರಮವೇ ಪ್ರಮಾಣ. ಅವರು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಒಂದು ಗಂಟೆ ನೋಡಬಲ್ಲರು. ಉಳಿದ ಹೊತ್ತೆಲ್ಲ ಮನೆಯದೇ.

ಕೂಡದ ಕೆಲಸಗಳು

ಗಾಲಿಯ ಚೌಕಟ್ಟಿನೊಳಗೆ ಮಗುವನ್ನು ಕೂರಿಸುವ ವಾಕರ್ ಹೆಸರಿಗೆ ಮಾತ್ರ ನಡೆಸುವ ಸಾಧನ. ಅದರಲ್ಲಿ ಮೈಯ ಭಾರವನ್ನು ಹೊರುವುದು ಬಟ್ಟೆಯ ಆಸನ. ಮಗು ಬೆರಳ ತುದಿಯಿಂದ ನೂಕಿಕೊಂಡು ತೇಲುತ್ತದೆ. ಸಮತೋಲವನ್ನೂ ಅದು ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳಿದ, ಒಲೆಯ ಬಳಿಗೆ ಓಡಿದ ಅಪಘಾತಗಳ ಕಾರಣದಿಂದ ಕೆನಡಾ ದೇಶವು 2004ರ ಏಪ್ರಿಲಿನಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮೆಟ್ಟಿಲು ಮೆಟ್ಟಿಲಾದ ಮಲೆನಾಡಿನ ಮನೆಗೆ ಅದು ಇನ್ನೂ ಸಲ್ಲದು.

ಮುಂಗೈ ಹಿಡಿದು ಜಗ್ಗಿ ಎಬ್ಬಿಸುವುದರಿಂದ ಎಳೆಯ ಮೊಳಕೈ ಕೀಲು ತಪ್ಪುವ ಅಪಾಯವುಂಟು. ಎಣ್ಣೆಯ ನೀವುವಿಕೆ ಮಗುವಿಗೆ ಹಿತ, ತಾಯಿಮಗುವಿನ ಬಾಂಧವ್ಯಕ್ಕೆ ಒಳ್ಳೆಯದು. ಆದರೆ ಅದರಿಂದ ಬಲ ಬರುವುದೆಂದು ನಂಬಿ ಕೈಕಾಲು ಮಡಿಸಿ, ತಿರುಚಿ, ತಲೆಕೆಳಗು ಮಾಡುವುದು ಕೂಡದು. ಡೌನ್ ಸಿಂಡ್ರೋಮ್ ಇರುವ ಮಗುವಿನ ಕತ್ತಿನ ಕೀಲು ಸಡಿಲವಿರಬಹುದಾದ್ದರಿಂದ ಲಾಗ ಹಾಕಿಸುವ ಆಟವಂತೂ ಬೇಡವೇ ಬೇಡ.

ತಟ್ಟೆಯಲ್ಲಿರುವ ಬಲ

ಅನ್ನವಿಲ್ಲದೆ ಆಟವಿಲ್ಲ. ವರ್ಷ ದಾಟಿದ ಮೇಲೂ ದಿನವೆಲ್ಲ ಹಾಲನ್ನೇ ಕುಡಿಯುವ ಮಗುವಿಗೆ ಊಟ ಸೇರುವುದಿಲ್ಲ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ರಾಗಿ, ಬೇಳೆ, ಸೊಪ್ಪು, ತಿನ್ನುವವರ ಮನೆಯಲ್ಲಿ ಮೊಟ್ಟೆ ಮೀನು, ಜೊತೆಗೆ ಅದೇ ತೋಟದ ಕಿತ್ತಳೆ ಇವು ರಕ್ತವನ್ನೂ ಸ್ನಾಯುವನ್ನೂ ಬೆಳೆಸುವ ಆಹಾರ. ತೋಟದ ಒದ್ದೆಮಣ್ಣಿನಲ್ಲಿ ಕೊಕ್ಕೆಹುಳುವಿನ ಭಯವುಂಟು. ಅದು ಪಾದದ ಚರ್ಮವನ್ನು ಕೊರೆದು ಒಳಸೇರಿ ರಕ್ತ ಹೀರುತ್ತದೆ. ಮನೆಯೊಳಗೆ ಬರಿಗಾಲು, ತೋಟದಲ್ಲಿ ಚಪ್ಪಲಿ ಎಂಬ ನಿಯಮವಿರಲಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಒಂದು ವರ್ಷ ತುಂಬಿದ ಮಕ್ಕಳಿಂದ ಹಿಡಿದು ಹತ್ತೊಂಬತ್ತು ವರ್ಷದವರಿಗೆ ಗುಳಿಗೆ ಕೊಡಲಾಗುತ್ತದೆ; ಅದನ್ನು ತಪ್ಪಿಸಬಾರದು. ತಿಂಗಳುಗಟ್ಟಲೆ ಸೂರ್ಯನ ಮುಖ ಕಾಣದ ಮಳೆಗಾಲದಲ್ಲಿ ಡಿ ಜೀವಸತ್ವದ ಹನಿ ಬೇಕೆ ಎಂಬುದನ್ನು ವೈದ್ಯರಿಂದ ಕೇಳಿ ತಿಳಿಯಬೇಕು.

ಎಲ್ಲ ಮಕ್ಕಳ ನೆಲ

ಕೊನೆಯದಾಗಿ ಎರಡು ಮಾತು. ತೋಟದ ಮನೆಯ ಮಗು ಎಲ್ಲರ ಕೈಯಲ್ಲಿದ್ದು ನೆಲ ಕಾಣದಿದ್ದರೆ, ಲೈನುಮನೆಯ ಮಗು ತಾಯಿ ಹಣ್ಣು ಕೊಯ್ಯಲು ಹೋದಾಗ ಬೆನ್ನಿನ ಜೋಳಿಗೆಯಲ್ಲೋ ಮರಕ್ಕೆ ಕಟ್ಟಿದ ಸೀರೆಯ ತೊಟ್ಟಿಲಲ್ಲೋ ದಿನ ಕಳೆದು ನೆಲ ಕಾಣದಿರಬಹುದು. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು ಐವತ್ತು ಅಥವಾ ಅದಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ತೋಟಗಳಲ್ಲಿ ಅವರ ಪುಟ್ಟ ಮಕ್ಕಳಿಗೆ ಶಿಶುಗೃಹವಿರಬೇಕೆಂದು ವಿಧಿಸಿತ್ತು. ಸಣ್ಣ ತೋಟಗಳು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕಾಯ್ದೆ ಏನೇ ಹೇಳಲಿ, ಕೊಯ್ಲಿನ ದಿನಗಳಲ್ಲಿ ಗುಡಿಸಿದ ಒಂದು ಕೋಣೆ, ಒಂದು ಚಾಪೆ, ನಾಲ್ಕು ಆಟಿಕೆ, ನೋಡಿಕೊಳ್ಳಲು ಒಬ್ಬ ಹಿರಿಯ ಹೆಂಗಸು ಇಷ್ಟನ್ನು ಒದಗಿಸುವುದು ತೋಟದ ಯಜಮಾನತಿಗೆ ದೊಡ್ಡ ಹೊರೆಯಲ್ಲ.

ಇನ್ನೊಂದು ಮಾತು ಮಗುವಿನ ತಾಯಿಯ ವಿಷಯ. ಮಗು ತಡವಾಗಿ ನಡೆದರೆ ಬಸುರಿಯಲ್ಲಿ ತಿಂದದ್ದು, ನಡೆದದ್ದು, ಗ್ರಹಣ ನೋಡಿದ್ದು ಎಂದು ತಾಯಿಯ ಮೇಲೆಯೇ ತಪ್ಪು ಹೊರಿಸುವವರಿಗೆ ಕಡಿಮೆಯಿಲ್ಲ. ಆ ಮಾತುಗಳಿಂದ ಮಗುವಿನ ಕಾಲಿಗೆ ಎಳ್ಳಷ್ಟೂ ಬಲ ಬರುವುದಿಲ್ಲ. ತಾಯಿಯ ಬಲ ಮಾತ್ರ ಕುಗ್ಗುತ್ತದೆ. ಐದೈದು ನಿಮಿಷದ ಆಟವನ್ನು ಬೆಳಿಗ್ಗೆ ಅಪ್ಪ, ಮಧ್ಯಾಹ್ನ ಅಜ್ಜಿ, ಸಂಜೆ ಶಾಲೆಯಿಂದ ಬಂದ ಅಕ್ಕ ಹಂಚಿಕೊಂಡರೆ ಅದೇ ಆಕೆಗೆ ದೊರೆಯಬಹುದಾದ ನಿಜವಾದ ಸಹಾಯ. ಕೆಲವು ಮಕ್ಕಳು ಎಲ್ಲರಂತೆ ಓಡುವರು. ಕೆಲವರು ಆಸರೆಗೋಲು ಹಿಡಿದು ನಡೆಯುವರು. ಕೆಲವರಿಗೆ ಗಾಲಿಕುರ್ಚಿಯೇ ಕಾಲಾಗಬಹುದು. ಪ್ರತಿಯೊಂದು ಮಗುವೂ ತನ್ನ ಕೈಲಾದಷ್ಟು ದೂರ ತಾನೇ ಸಾಗಬೇಕು. ಆ ದಾರಿ ಆರಂಭವಾಗುವುದು ಮನೆಯ ನಡುವೆ ಹಾಸಿದ ಒಂದು ಕಂಬಳಿಯಿಂದ.